ಸೀಸೆಯ ಮಗ್ಗುಲಲ್ಲಿ

ಕರೆಂಟಿಲ್ಲದ ಆ ಚಳಿಗಾಲ. ತಿಬಿಲಿಸಿಯ ಅಂಚಿನ ಬಡಾವಣೆ,
ಎಂಟನೆಯ ಮಹಡಿ. ಲಿಫ್ಟು ಎರಡು ಅಂತಸ್ತುಗಳ ನಡುವೆ
ಬಾಯಿ ಬಿಗಿದು ನಿಂತು ತಿಂಗಳಾಗಿತ್ತು.
ಒಂದೇ ಹಾಸಿಗೆ, ಮೂರು ಕೋಟು, ಅದರಡಿ ನಾವು ಮೂವರು:
ಅಮ್ಮ, ನಾನು,
ಮತ್ತು ಅವಳ ಹೊಟ್ಟೆಗೊತ್ತಿ
ಉಣ್ಣೆಯ ಕಾಲ್ಚೀಲ ತೊಟ್ಟ ಒಂದು ಸೀಸೆ.

ಸಂಸ್ಥೆಯ ಕಾವುಪೆಟ್ಟಿಗೆ ತಣ್ಣಗಾದ ದಿನ
ಉಳಿದವರು ಮನೆಗೆ ಹೊತ್ತದ್ದು ಪರದೆ, ಕುರ್ಚಿ, ಟೈಪ್‌ರೈಟರು.
ಅಮ್ಮ ತಂದದ್ದು ಇದನ್ನು.
'ಇವಕ್ಕೆ ಮೂವತ್ತೇಳು ಡಿಗ್ರಿ ಬೇಕು,' ಅಂದಳು,
'ಊರಲ್ಲೀಗ ಅಷ್ಟು ಬಿಸಿ ಉಳಿದಿರುವುದು
ಮೈಯಲ್ಲಿ ಮಾತ್ರ.'

ನನಗೆ ಒಂಬತ್ತು. ತಮ್ಮ ಬೇಕೆಂದು ಹಟ ಹಿಡಿದವಳು ನಾನೇ,
ಆದರೆ ಇಂಥವನಲ್ಲ,
ಇಷ್ಟು ಕೋಟಿಯೂ ಅಲ್ಲ.

ರಾತ್ರಿ ನನಗೊಂದು ಕೆಲಸವಿತ್ತು.
ಮೇಣದ ಬೆಳಕಿಗೆ ಹಳೆಯ ಪತ್ರಿಕೆ, ಅದರ ಮುಂದೆ ಸೀಸೆ.
ಗಾಜಿನಾಚೆಯ ದುಂಡು ದುಂಡು ಅಕ್ಷರ ಓದಿ ಹೇಳಬೇಕು.
ಸಣ್ಣಕ್ಷರ ಕಂಡರೆ ಅವು ಇನ್ನೂ ಕೆಲವೇ.
ಒಂದು ಎರಡಾಗಿ, ಎರಡು ನಾಲ್ಕಾಗಿ, ನೀರು ಗಂಜಿಯಾಗುತ್ತ
ಮೊದಲು ಹವಾಮಾನ ಮಸುಕಾಗುತ್ತಿತ್ತು,
ಆಮೇಲೆ ಸಾವಿನ ಸುದ್ದಿ, ಆಮೇಲೆ ಮಂತ್ರಿಯ ಹೆಸರು.
'ಮಂತ್ರಿ ಹೋದ!' ಎಂದು ನಾನು ಕೂಗಿದರೆ
ಅಮ್ಮ ಗೋಡೆಗೊಂದು ಚುಕ್ಕೆ ಇಡುವಳು.
ಚುಕ್ಕೆಗಳು ಬಾಗಿಲ ಪಟ್ಟಿಯಿಂದ ಕಿಟಕಿಯತ್ತ ಹತ್ತುತ್ತಿದ್ದವು.

ಸೀಸೆಯಲ್ಲಿ ಎರಡು ಬಗೆಯ ಸಕ್ಕರೆ: ದ್ರಾಕ್ಷಿಯದು, ಹಾಲಿನದು.
'ಮೊದಲು ದ್ರಾಕ್ಷಿಯದನ್ನೇ ಮುಗಿಸುತ್ತವೆ,
ಮೂಗಿನೆದುರೇ ಇರುವ ಇನ್ನೊಂದನ್ನು ಮೂಸುವುದೂ ಇಲ್ಲ.
ನಿನ್ನ ಹಾಗೇ.'

ಒಂದು ರಾತ್ರಿ ಮಂತ್ರಿ ಹೋಗಲೇ ಇಲ್ಲ.
ಮೇಣ ಒಂದು ಬೆರಳು ಕರಗಿತು. ಅದೇ ಹೆಸರು, ಅಷ್ಟೇ ಮಸುಕು.
'ಸತ್ತವಾ?'
'ಇಲ್ಲ. ಹಾಲಿನ ಸಕ್ಕರೆ ಸೀಳಲು ಕತ್ತರಿ ಬೇಕು.
ಬೇಕಿಲ್ಲದಾಗ ಯಾರು ಕತ್ತರಿ ಮಾಡುತ್ತಾರೆ?
ಈಗ ಕುಲುಮೆ ಹೊತ್ತಿಸಿವೆ.'
'ಎಲ್ಲಾ ಮಾಡಿಕೊಳ್ಳುತ್ತವಾ?'
ಅಮ್ಮ ಬತ್ತಿಯ ಕುಡಿ ಚಿವುಟಿದಳು.
'ಎಲ್ಲಾ ಅಲ್ಲ.'

ನಾಲ್ಕನೆಯ ಮಹಡಿಯ ಪಿಯಾನೊ ಮೇಷ್ಟ್ರು ವರ್ಲಾಮ್
ಪುಸ್ತಕ ಸುಟ್ಟರು, ಮೇಜು ಸುಟ್ಟರು, ಕಿಟಕಿಯ ಚೌಕಟ್ಟು ಸುಟ್ಟರು.
ಫೆಬ್ರವರಿಯಲ್ಲಿ ಬಾಗಿಲು ಒಡೆದಾಗ
ಪಿಯಾನೊ ಮಾತ್ರ ಒಂದು ಗೀರಿಲ್ಲದೆ ನಿಂತಿತ್ತು.

ಅಮ್ಮನೂ ಹಾಗೇ ನಿಂತದ್ದನ್ನು ನಾನು ನೋಡಿದ್ದೆ, ಆ ಶರತ್ಕಾಲದಲ್ಲಿ.
ಸಂಬಳ ಬರುವುದಿಲ್ಲವೆಂದು ತಿಳಿದ ಮೇಲೆ
ಹದಿನೇಳು ದಿನ ಗೋಡೆಗೆ ಮುಖ ಮಾಡಿ ಕೂತಳು.
ತಲೆ ಬಾಚಲಿಲ್ಲ. ಕರೆದರೆ ತಿರುಗಲಿಲ್ಲ.
ಹದಿನೆಂಟನೆಯ ಬೆಳಿಗ್ಗೆ ಎದ್ದು,
ಬಿಳಿ ಕೋಟು ತೊಟ್ಟು, ದಿದುಬೆಯ ಸಂತೆಗೆ ಹೋಗಿ
ಸೂರ್ಯಕಾಂತಿ ಬೀಜ ಮಾರಿದಳು.
ಪ್ರಯೋಗಾಲಯದ ಗಾಜಿನ ನಳಿಕೆಯೇ ಅಳತೆ.
ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.
'ಡಾಕ್ಟರಮ್ಮ, ಇನ್ನೊಂದು ಚಿಟಿಕೆ ಹಾಕು,' ಎಂದು
ಸಾರಿ ಮಾರುವ ಗುಲಿಕೊ ರೇಗಿಸಿದರೆ
ಗೆರೆ ತೋರಿಸುತ್ತಿದ್ದಳು: ಹತ್ತು ಮಿಲಿಲೀಟರ್.

ಆ ಹದಿನೇಳು ದಿನ ಅವಳೊಳಗೆ ಏನು ಕಾಯುತ್ತಿತ್ತೋ,
ಯಾವ ಕತ್ತರಿಗೆ ಸಾಣೆ,
ಕೇಳಲಿಲ್ಲ. ಕೇಳಿದ್ದರೆ ನಗುತ್ತಿದ್ದಳು:
'ಮನುಷ್ಯರ ಮಾತು ಬೇರೆ. ಬೀಜ ಸುಲಿ.'

ನಸುಕಿನ ಹೊತ್ತಿಗೆ ಸೀಸೆಯ ಮಂತ್ರಿ ಹೋದ.
ಗೋಡೆಯ ಗೆರೆ ಗೇಣುದ್ದ ಸಪಾಟಾಗಿ ಮಲಗಿ
ಮತ್ತೆ ಮೇಲೆದ್ದಿತು,
ಮೊದಲಿಗಿಂತ ನಿಧಾನ, ಆದರೂ ಮೇಲಕ್ಕೇ.

ನನಗೆ ಜ್ವರ ಬಂದದ್ದು ಮಾರ್ಚಿಯಲ್ಲಿ. ಮೂವತ್ತೊಂಬತ್ತು.
ಅಮ್ಮ ಹಣೆ ಮುಟ್ಟಿದಳು, ಪಾದ ಮುಟ್ಟಿದಳು,
ಒದ್ದೆ ಬಟ್ಟೆ ಇಟ್ಟಳು, ಬೆಕ್ಕಿನಂತೆ ಸುತ್ತಮುತ್ತ ತಿರುಗಿದಳು.
ಆಮೇಲೆ, ನಾನು ನಿದ್ದೆ ಹೋದೆನೆಂದು ತಿಳಿದು,
ತನ್ನ ಹೊಟ್ಟೆಯಿಂದ ಸೀಸೆ ತೆಗೆದು
ನನ್ನ ಬಗಲಿಗೆ ಸರಿಸಿದಳು.
ಸಿಟ್ಟಿನಿಂದ ಅಳು ಬಂತು. ಆದರೆ ನೂಕಲಿಲ್ಲ.
ತಣ್ಣಗಿತ್ತು ಪಾಪ,
ಕಾಲ್ಚೀಲ ನನ್ನದೇ.

ಬೆಳಿಗ್ಗೆ ಪತ್ರಿಕೆಯ ತಲೆಬರಹವೂ ಕಾಣುತ್ತಿರಲಿಲ್ಲ.
ಗೋಡೆಯ ಅತಿ ಎತ್ತರದ ಚುಕ್ಕೆಯ ಪಕ್ಕ
ಅಮ್ಮ ಪೆನ್ಸಿಲು ನಾಲಿಗೆಗೆ ತಾಗಿಸಿ ಬರೆದಳು,
ತನಿಖೆಗೆ ಯಾರೋ ಬರುವವರಿದ್ದಾರೆ ಎಂಬಷ್ಟು ಚೊಕ್ಕವಾಗಿ:
ಉಷ್ಣತೆಯ ಮೂಲ, ಝುಝುನಾ.